ಮುಖಕ್ಕೆ ಹಚ್ಚುವ ಹೊತ್ತು ಯಾರ ಲೆಕ್ಕ?

ಹೋಟೆಲಿನ ಫ್ರಂಟ್ ಆಫೀಸಿನಲ್ಲಿ, ಅಂದರೆ ರಿಸೆಪ್ಷನ್ ಕೌಂಟರಿನಲ್ಲಿ, ಹೆಣ್ಣುಮಕ್ಕಳು ಮೇಕಪ್ ಮಾಡಿಕೊಂಡೇ ಬರಬೇಕು ಅಂತ ನಾನು ಕೆಲಸಕ್ಕೆ ಸೇರಿದಾಗ ಕೊಟ್ಟ ಯಾವ ಕಾಗದದಲ್ಲೂ ಇರಲಿಲ್ಲ. 'ನೀಟಾಗಿ, ಪ್ರೆಸೆಂಟಬಲ್ ಆಗಿ ಇರಬೇಕು' ಅಂತಷ್ಟೇ ಇತ್ತು. ಗಂಡಸರಿಗೂ ಅದೇ ಸಾಲು. ಆದರೆ ನಡೆಯುತ್ತಿದ್ದುದೇ ಬೇರೆ.

ಶಿಫ್ಟ್ ಶುರುವಾಗುವ ಮುಂಚೆ ಬ್ರೀಫಿಂಗ್ ಇರುತ್ತದೆ. ಎಲ್ಲರೂ ಸಾಲಾಗಿ ನಿಲ್ಲಬೇಕು. ಗಂಡಸರ ಗಡ್ಡ ನೋಡುತ್ತಾರೆ, ಶೂ ನೋಡುತ್ತಾರೆ, ಉಗುರು ನೋಡುತ್ತಾರೆ. ಸರಿ ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ, ಅಲ್ಲಿಗೆ ಮುಗಿಯಿತು. ನಮ್ಮ ಸರದಿ ಬಂದಾಗ ಉಗುರು, ಕೂದಲು ಎಲ್ಲ ನೋಡಿದ ಮೇಲೆ ಮುಖದ ಮೇಲೆ ಕಣ್ಣು ನಿಲ್ಲುತ್ತದೆ. 'ಯಾಕಮ್ಮಾ, ಡಲ್ ಆಗಿದ್ದೀಯ? ಹುಷಾರಿಲ್ವಾ?' ರಾತ್ರಿ ಪೂರ್ತಿ ನಿದ್ದೆ ಮಾಡಿ ಬಂದವಳಿಗೂ ಇದೇ ಪ್ರಶ್ನೆ. ಮೇಕಪ್ ಹಾಕು ಅಂತ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಆದರೆ ಆ ಪ್ರಶ್ನೆ ಕೇಳಿಸಿಕೊಂಡವಳು ಸೀದಾ ಬ್ಯಾಕ್ ಆಫೀಸಿಗೆ ಹೋಗಿ ಎರಡನೇ ಡ್ರಾಯರ್ ಎಳೆಯುತ್ತಿದ್ದಳು.

ಆ ಡ್ರಾಯರ್ ಬಗ್ಗೆ ಹೇಳಲೇಬೇಕು. ಅದರಲ್ಲಿ ಒಂದು ಮರೂನ್ ಲಿಪ್‌ಸ್ಟಿಕ್, ಒಂದು ಕಾಡಿಗೆ ಪೆನ್ಸಿಲ್, ಒಂದು ಮಸ್ಕಾರ, ಕನ್ನಡಿ ಬಿರುಕು ಬಿಟ್ಟ ಒಂದು ಕಾಂಪ್ಯಾಕ್ಟ್ ಪೌಡರ್ ಡಬ್ಬಿ ಇರುತ್ತಿದ್ದವು. ಕಾಂಪ್ಯಾಕ್ಟ್ ಒಳಗಿನ ಸ್ಪಂಜು ಕಂದು ಬಣ್ಣಕ್ಕೆ ತಿರುಗಿತ್ತು. ಯಾವುದನ್ನೂ ಹೋಟೆಲ್ ತಂದುಕೊಟ್ಟಿರಲಿಲ್ಲ. ಹುಡುಗಿಯರೇ ಕೈಯಿಂದ ದುಡ್ಡು ಹಾಕಿ ತಂದಿಟ್ಟದ್ದು. ಮೂರೂ ಶಿಫ್ಟಿನವರು ಅದನ್ನೇ ಹಚ್ಚಿಕೊಳ್ಳುತ್ತಿದ್ದರು. ಒಬ್ಬಳಿಗೆ ಕಣ್ಣು ಕೆಂಪಾಯಿತು. ಆಮೇಲೆ ಇನ್ನೊಬ್ಬಳಿಗೆ, ಆಮೇಲೆ ಮತ್ತೊಬ್ಬಳಿಗೆ. ಕಣ್ಣಿಗೆ, ತುಟಿಗೆ ಹಚ್ಚುವ ವಸ್ತುವನ್ನು ಯಾರ ಜೊತೆಗೂ ಹಂಚಿಕೊಳ್ಳಬಾರದು. ಕಣ್ಣಿನ ಸೋಂಕು ಹೀಗೆ ಹರಡುತ್ತದೆ, ತುಟಿ ಮೇಲೆ ಏಳುವ ಹರ್ಪಿಸ್ ಗುಳ್ಳೆಯ ವೈರಸ್ ಕೂಡ ಹೀಗೆ ದಾಟಬಹುದು. ಮಸ್ಕಾರವನ್ನಂತೂ ಒಮ್ಮೆ ತೆರೆದರೆ 3 ತಿಂಗಳ ಹೊತ್ತಿಗೆ ಬಿಸಾಕಬೇಕು ಅನ್ನುತ್ತಾರೆ. ನಮ್ಮ ಡ್ರಾಯರಿನದ್ದು ಯಾವ ಕಾಲದ್ದೋ. ಹೋಟೆಲಿನ ಅಡುಗೆಮನೆಯಲ್ಲಿ ಚಮಚ ಹೇಗೆ ತೊಳೆಯಬೇಕು ಅನ್ನೋದಕ್ಕೂ ಚಾರ್ಟ್ ಅಂಟಿಸಿದ್ದಾರೆ. ಈ ಡ್ರಾಯರ್ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬರೆದಿಡದ ನಿಯಮಕ್ಕೆ ಹೊಣೆ ಹೊರುವವರೂ ಇರುವುದಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ನನ್ನ ಜೊತೆ ಸೇರಿದ ಒಬ್ಬ ಹುಡುಗಿಯ ಕಥೆ. ಅವಳ ಕೆನ್ನೆ ತುಂಬ ಮೊಡವೆ. 'ಸ್ವಲ್ಪ ಕವರ್ ಮಾಡಿಕೋ' ಅಂದರು. ದಪ್ಪ ಫೌಂಡೇಶನ್ ಹಚ್ಚತೊಡಗಿದಳು. ಮೊಡವೆ ಹೆಚ್ಚಾಯಿತು. ಹೆಚ್ಚಾದದ್ದನ್ನು ಮುಚ್ಚಲು ಇನ್ನೂ ಒಂದು ಪದರ ಕನ್ಸೀಲರ್. ಚರ್ಮದ ಡಾಕ್ಟರಿಗೆ ಇದು ಹೊಸದೇನಲ್ಲ. 1972ರಲ್ಲೇ ಕ್ಲಿಗ್ಮನ್ ಮತ್ತು ಮಿಲ್ಸ್ ಅನ್ನೋ ಅಮೆರಿಕದ ವೈದ್ಯರು ಕಾಸ್ಮೆಟಿಕ್ಸ್‌ನಿಂದ ಬರುವ ಮೊಡವೆಗೆ 'ಆಕ್ನೆ ಕಾಸ್ಮೆಟಿಕಾ' ಅಂತಲೇ ಹೆಸರಿಟ್ಟು ಬರೆದಿದ್ದರು. ಕೆಲವು ತಿಂಗಳು ಮುಖಕ್ಕೆ ಏನೂ ಹಚ್ಚಬೇಡಿ ಅಂತ ಅವಳ ಡಾಕ್ಟರು ಚೀಟಿ ಬರೆದುಕೊಟ್ಟರು. ಅದನ್ನು ತಂದುಕೊಟ್ಟ ವಾರದಲ್ಲೇ ಅವಳನ್ನು ಕೌಂಟರಿನಿಂದ ಫೋನ್ ಬುಕಿಂಗ್‌ಗೆ ಹಾಕಿದರು. ಅಲ್ಲಿ ಇನ್ಸೆಂಟಿವ್ ಇಲ್ಲ. ಗೆಸ್ಟ್ ಒಮ್ಮೆ ಬಂದು ಹೋದರೆ ಎರಡನೇ ಸಲ ಹೆಸರು ಹಿಡಿದು ಮಾತಾಡಿಸುತ್ತಿದ್ದ ಹುಡುಗಿ ಅವಳು. ಸಂಬಳದ ದಿನ ಅವಳು ಸ್ಲಿಪ್ ಮಡಿಚಿ ಪರ್ಸಿನೊಳಗೆ ತುರುಕಿಕೊಂಡದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮುಂದೆ ನಾನು ಶಿಫ್ಟ್ ಇನ್‌ಚಾರ್ಜ್ ಆದೆ. ಗ್ರೂಮಿಂಗ್ ಚೆಕ್‌ಲಿಸ್ಟ್, ಅಂದರೆ ಮುಖ, ಕೂದಲು, ಬಟ್ಟೆ ಅಚ್ಚುಕಟ್ಟಾಗಿದೆಯಾ ಅಂತ ನೋಡುವ ಪಟ್ಟಿ, ನನ್ನ ಕೈಗೆ ಬಂತು. 'ಗೆಸ್ಟ್‌ಗಳು ಬಯಸುತ್ತಾರೆ' ಅನ್ನೋದು ಎಲ್ಲರ ಬಾಯಲ್ಲೂ ಇದ್ದ ಮಾತು. ಹೌದಾ, ನೋಡೋಣ ಅಂತ ಹಳೆಯ ಫೀಡ್‌ಬ್ಯಾಕ್ ಫಾರ್ಮ್‌ಗಳ ಫೈಲ್‌ಗಳನ್ನು ತೆಗೆದು ಕೂತೆ. ಬಿಲ್ ತಪ್ಪಾಗಿತ್ತು, ರೂಮ್ ರೆಡಿ ಇರಲಿಲ್ಲ, ಚೆಕ್-ಇನ್‌ಗೆ ತುಂಬ ಹೊತ್ತು ಕಾಯಿಸಿದರು, ಎಸಿ ಸದ್ದು ಮಾಡುತ್ತದೆ. ಬೈಗುಳವೆಲ್ಲ ಇದೇ. ಹೊಗಳಿಕೆ ಬಂದಲ್ಲಿ 'ನಗುತ್ತಾ ಮಾತಾಡಿದರು', 'ಕೇಳುವ ಮೊದಲೇ ಟ್ಯಾಕ್ಸಿ ಕರೆಸಿದರು', 'ನನ್ನ ಅಮ್ಮನಿಗೆ ಕುರ್ಚಿ ತಂದುಕೊಟ್ಟರು'. ತುಟಿಯ ಬಣ್ಣದ ಬಗ್ಗೆ ಒಂದು ಸಾಲೂ ಸಿಗಲಿಲ್ಲ. ಮೊಡವೆಯ ಬಗ್ಗೆಯೂ ಇಲ್ಲ.

ಹಾಗಂತ ಮೇಕಪ್‌ನಿಂದ ಏನೂ ವ್ಯತ್ಯಾಸ ಆಗಲ್ಲ ಅಂತ ವಾದ ಮಾಡಿದರೆ ಅದು ನಿಲ್ಲುವುದಿಲ್ಲ. 2011ರಲ್ಲಿ ಹಾರ್ವರ್ಡ್‌ನ ನ್ಯಾನ್ಸಿ ಎಟ್‌ಕಾಫ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ಹೆಂಗಸರ ಫೋಟೊಗಳನ್ನು ಮೇಕಪ್ ಇಲ್ಲದೆ ಮತ್ತು ಬೇರೆ ಬೇರೆ ಮಟ್ಟದ ಮೇಕಪ್‌ನಲ್ಲಿ ತೋರಿಸಿದರು. ಮಿಂಚಿನ ಹಾಗೆ ಒಂದು ಸಲ ತೋರಿಸಿದಾಗ, ಮೇಕಪ್ ಇದ್ದ ಮುಖಗಳನ್ನು ನೋಡಿದವರು ಹೆಚ್ಚು ಚಂದ ಅಂದರು, ಹೆಚ್ಚು ಸಮರ್ಥರು ಅಂತಲೂ ಅಂದರು. ಆದರೆ ಬೇಕಾದಷ್ಟು ಹೊತ್ತು ನೋಡಲು ಬಿಟ್ಟಾಗ, ಗಾಢ ಮೇಕಪ್ ಇದ್ದ ಮುಖಗಳ ಮೇಲೆ ನಂಬಿಕೆ ಸ್ವಲ್ಪ ಇಳಿಯಿತು. ಈ ಅಧ್ಯಯನಕ್ಕೆ ಹಣ ಕೊಟ್ಟದ್ದು ಆಗ ಮೇಕಪ್ ಸಾಮಾನು ಮಾರುತ್ತಿದ್ದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಅನ್ನೋದನ್ನೂ ನೆನಪಿಡಬೇಕು. ನಮ್ಮ ಕೆಲಸದಲ್ಲಿ ಗೆಸ್ಟ್ ನಮ್ಮನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ನೋಡಿ ಹೋಗುವುದಿಲ್ಲ. ಎದುರಿಗೆ ನಿಂತು ಐಡಿ ಕೊಡುತ್ತಾರೆ, ಕಾರ್ಡ್ ಕೊಡುತ್ತಾರೆ, ರಾತ್ರಿ ಎರಡು ಗಂಟೆಗೆ ಬಿಸಿನೀರು ಬರ್ತಿಲ್ಲ ಅಂತ ಫೋನ್ ಮಾಡುತ್ತಾರೆ.

2016ರಲ್ಲಿ ಜಾಕ್ಲಿನ್ ವಾಂಗ್ ಮತ್ತು ಆಂಡ್ರ್ಯೂ ಪೆನ್ನರ್ ಅಮೆರಿಕದ ಅಂಕಿಅಂಶ ಹಿಡಿದು ಇನ್ನೊಂದು ವಿಷಯ ತೋರಿಸಿದರು. ಚಂದ ಇರುವವರಿಗೆ ಸಂಬಳ ಜಾಸ್ತಿ ಸಿಗುತ್ತದೆ ಅನ್ನೋದು ಮೊದಲೇ ಗೊತ್ತಿತ್ತು. ಆದರೆ ಹೆಂಗಸರ ವಿಷಯದಲ್ಲಿ ಆ ಲಾಭದ ಬಹುಪಾಲು ಬರುವುದು ಹುಟ್ಟಿನಿಂದ ಬಂದ ಚಂದದಿಂದಲ್ಲ, ಗ್ರೂಮಿಂಗ್‌ನಿಂದ ಅಂತ ಇವರು ಕಂಡುಕೊಂಡರು. ಇದನ್ನು ಓದಿದ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು. ದಿನಾ ಮೇಕಪ್ ಮಾಡಿಕೊಂಡು ಬರುವ ಸಹೋದ್ಯೋಗಿಯನ್ನು 'ಶೋಕಿ' ಅಂತ ಆಡಿಕೊಳ್ಳುವುದು ಅನ್ಯಾಯ. ಅವಳು ಸಂಬಳದ ಲೆಕ್ಕ ಸರಿಯಾಗಿಯೇ ಹಾಕಿದ್ದಾಳೆ. ಇನ್ನು ಕೆಲವರಿಗೆ ಅದು ನಿಜಕ್ಕೂ ಇಷ್ಟ. ನನ್ನ ಗೆಳತಿಯೊಬ್ಬಳು ಐಲೈನರ್ ಎಳೆಯುವುದನ್ನು ನೋಡಬೇಕು, ಕೈ ಅಲುಗುವುದೇ ಇಲ್ಲ. ಅವಳ ದಿನದಲ್ಲಿ ಅವಳಿಗೇ ಅಂತ ಇರುವ ಹೊತ್ತು ಅದೊಂದೇ. ಅದನ್ನು ಕಿತ್ತುಕೊಳ್ಳುವ ನಿಯಮವೂ ನನಗೆ ಬೇಡ.

ನನಗೆ ದಾರಿ ತೋರಿಸಿದ್ದು ಡಾರ್ಲೀನ್ ಜೆಸ್ಪರ್ಸನ್ ಅನ್ನೋ ಹೆಂಗಸಿನ ಕೇಸು. ಅಮೆರಿಕದ ನೆವಾಡಾ ರಾಜ್ಯದ ರೀನೋ ಊರಿನ ಹ್ಯಾರಾಸ್ ಕ್ಯಾಸಿನೊದಲ್ಲಿ ಅವರು ಬಾರ್‌ಟೆಂಡರ್. ಹತ್ತಿರ ಹತ್ತಿರ 20 ವರ್ಷ ಕೆಲಸ ಮಾಡಿದ್ದರು. ಮೇಲಿನವರೂ ಗಿರಾಕಿಗಳೂ ಮೆಚ್ಚಿದ್ದರು. 2000ದಲ್ಲಿ ಕ್ಯಾಸಿನೊ ಹೊಸ ನಿಯಮ ತಂದಿತು. ಹೆಂಗಸರು ಪೌಡರ್, ಬ್ಲಶ್, ಮಸ್ಕಾರ, ಲಿಪ್‌ಸ್ಟಿಕ್ ಹಚ್ಚಲೇಬೇಕು. ಗಂಡಸರು ಮೇಕಪ್ ಹಚ್ಚಬಾರದು, ಕೂದಲು ಗಿಡ್ಡ ಇರಬೇಕು. ಜೆಸ್ಪರ್ಸನ್ ಒಪ್ಪಲಿಲ್ಲ. ಮೇಕಪ್ ಹಚ್ಚಿದರೆ ತಾನು ತಾನಾಗಿರುವುದಿಲ್ಲ, ಕೆಲಸವೇ ಕೆಡುತ್ತದೆ ಅಂದರು. ಕೆಲಸ ಹೋಯಿತು. ಕೋರ್ಟಿಗೆ ಹೋದರು. 2006ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯದ 11 ನ್ಯಾಯಮೂರ್ತಿಗಳಲ್ಲಿ 7 ಜನ ಕ್ಯಾಸಿನೊ ಪರ, 4 ಜನ ಇವರ ಪರ.

ಸೋಲಿಗೆ ಕೊಟ್ಟ ಒಂದು ಕಾರಣ ಏನು ಗೊತ್ತಾ? ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ ಹೊತ್ತು, ಜಾಸ್ತಿ ದುಡ್ಡು ಖರ್ಚಾಗುತ್ತದೆ ಅನ್ನೋದಕ್ಕೆ ದಾಖಲೆ ಕೊಟ್ಟಿಲ್ಲ ಅಂತ. ಒಪ್ಪದ ನ್ಯಾಯಮೂರ್ತಿಗಳಲ್ಲಿ ಒಬ್ಬರು, ಮೇಕಪ್‌ಗೆ ಹೊತ್ತೂ ದುಡ್ಡೂ ಬೇಕು ಅನ್ನೋದರಲ್ಲಿ ಅನುಮಾನ ಯಾಕೆ ಅಂತ ಬರೆದರು. ಆದರೂ ಬಹುಮತದ ಮಾತೇ ನಡೆಯಿತು. ಎಲ್ಲರಿಗೂ ಗೊತ್ತಿರುವ ಖರ್ಚು ಕಾಗದದ ಮೇಲೆ ಇರಲಿಲ್ಲ ಅನ್ನೋದಕ್ಕೆ ಸೋಲು. ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು. ಮರುದಿನವೇ ಒಂದು ನೋಟ್‌ಬುಕ್ ತಂದೆ.

ನಮ್ಮ ಟೀಮಿನ ಎಲ್ಲರೂ, ಗಂಡಸರೂ ಸೇರಿ, ಕೆಲಸಕ್ಕೆ ತಯಾರಾಗಲು ಹಿಡಿಯುವ ಹೊತ್ತನ್ನು ಅದರಲ್ಲಿ ಬರೆಯತೊಡಗಿದೆವು. ಸ್ನಾನ, ಬಟ್ಟೆ ಬಿಟ್ಟು ಉಳಿದದ್ದು. ಹುಡುಗರ ಪುಟದಲ್ಲಿ 'ಶೇವಿಂಗ್' ಅಂತ ಒಂದೇ ಸಾಲು. ಹುಡುಗಿಯರ ಪುಟದಲ್ಲಿ ಸಾಲು ಸಾಲು. ಪ್ರೈಮರ್, ಫೌಂಡೇಶನ್, ಒಣಗಲು ಬಿಟ್ಟ ಹೊತ್ತು, ಕಣ್ಣು, ತುಟಿ. ಊಟದ ಬ್ರೇಕ್‌ನಲ್ಲಿ ಟಚ್‌ಅಪ್. ರಾತ್ರಿ ಮನೆಗೆ ಹೋಗಿ ಎಲ್ಲ ತೆಗೆಯಲು ಮತ್ತೆ ಹೊತ್ತು. ತೆಗೆಯದೆ ಮಲಗಿದರೆ ಚರ್ಮ ಹಾಳು. ಪಕ್ಕದಲ್ಲಿ ಖರ್ಚಿನ ಕಾಲಂ. ತಿಂಗಳ ಕೊನೆಗೆ ಹುಡುಗರೇ ಆ ಪುಟಗಳನ್ನು ತಿರುವಿ ಸುಮ್ಮನಾದರು. ಅವರಲ್ಲೊಬ್ಬ 'ಅಕ್ಕಾ, ಇದೆಲ್ಲ ಪಂಚ್ ಮಾಡೋಕೆ ಮುಂಚೇನಾ?' ಅಂದ. ಹೌದು, ತಯಾರಾಗುವುದೆಲ್ಲ ಹಾಜರಿ ಹಾಕುವ ಪಂಚ್-ಇನ್‌ಗೆ ಮುಂಚೆ, ತೆಗೆಯುವುದು ಡ್ಯೂಟಿ ಮುಗಿದ ಮೇಲೆ. ಒಂದು ನಿಮಿಷಕ್ಕೂ ಸಂಬಳ ಇಲ್ಲ.

ಆ ನೋಟ್‌ಬುಕ್ ಹಿಡಿದು ಮ್ಯಾನೇಜರ್ ಹತ್ತಿರ ಹೋದೆ. ಅವರು ಒಳ್ಳೆಯವರೇ. 'ನಾನು ಯಾರಿಗೂ ಮೇಕಪ್ ಹಾಕಿ ಅಂತ ಹೇಳಿಲ್ಲವಲ್ಲಾ' ಅಂದರು. ಅದು ನಿಜ. 'ಹಾಗಾದರೆ ಬೇಕಿಲ್ಲ ಅಂತ ಬರೆದುಕೊಡಿ ಸಾರ್' ಅಂದೆ. ಅವರು ಪೆನ್ ಎತ್ತಿಕೊಂಡರು, ಮತ್ತೆ ಕೆಳಗಿಟ್ಟರು. ಹೆಡ್ ಆಫೀಸ್ ಕೇಳಬೇಕು ಅಂದರು. ಅಲ್ಲಿಗೆ ಗೊತ್ತಾಯಿತು, ನಿಯಮ ಇತ್ತು ಅಂತ.

ಹೆಡ್ ಆಫೀಸಿಗೆ ಬರೆಯುವಾಗ ಬೇರೆಯವರ ಉದಾಹರಣೆ ಕೆಲಸಕ್ಕೆ ಬಂತು. ವರ್ಜಿನ್ ಅಟ್ಲಾಂಟಿಕ್ ವಿಮಾನ ಕಂಪನಿ 2019ರಲ್ಲಿ ತನ್ನ ಗಗನಸಖಿಯರಿಗೆ ಮೇಕಪ್ ಕಡ್ಡಾಯ ಅನ್ನೋದನ್ನು ಕೈಬಿಟ್ಟಿತು. ಗ್ಲಾಮರ್ ಅನ್ನೇ ಹೆಸರು ಮಾಡಿಕೊಂಡ ಕಂಪನಿ ಅದು. ಅವರೇ ಬಿಟ್ಟ ಮೇಲೆ ನಮ್ಮದೇನು? ಲಂಡನ್ನಿನಲ್ಲಿ 2015ರ ಡಿಸೆಂಬರ್‌ನಲ್ಲಿ ನಿಕೋಲಾ ಥಾರ್ಪ್ ಅನ್ನೋ ರಿಸೆಪ್ಷನಿಸ್ಟನ್ನು ಹೈ ಹೀಲ್ಸ್ ಹಾಕಲಿಲ್ಲ ಅಂತ ಮನೆಗೆ ಕಳಿಸಿದ್ದು ದೊಡ್ಡ ಸುದ್ದಿ ಆಗಿತ್ತು. ಸುದ್ದಿ ಆದದ್ದು ಹೀಲ್ಸ್, ಆದರೆ ಅದೇ ನಿಯಮದ ಪಟ್ಟಿಯಲ್ಲಿ ಲಿಪ್‌ಸ್ಟಿಕ್, ಮಸ್ಕಾರ ಕೂಡ ಇದ್ದವು. 2017ರ ಜನವರಿಯಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಗಳು ಇದರ ಬಗ್ಗೆ ವರದಿ ಕೊಟ್ಟವು.

ನಾಲ್ಕೈದು ಸುತ್ತು ಪತ್ರ ಆದ ಮೇಲೆ ಹೊಸ ಚೆಕ್‌ಲಿಸ್ಟ್ ಬಂತು. ಮುಖ ತೊಳೆದು ಸ್ವಚ್ಛ ಇರಬೇಕು, ಕೂದಲು ಮುಖದ ಮೇಲೆ ಬೀಳಬಾರದು, ಉಗುರು ಚೊಕ್ಕ ಇರಬೇಕು, ಬಟ್ಟೆ ಇಸ್ತ್ರಿ ಆಗಿರಬೇಕು, ಬೆವರಿನ ವಾಸನೆ ಬರಬಾರದು. ಒಂದೇ ಪಟ್ಟಿ, ಎಲ್ಲರಿಗೂ. ಕೊನೆಯ ಸಾಲು ನಾನೇ ಹಟ ಹಿಡಿದು ಹಾಕಿಸಿದ್ದು: ಮೇಕಪ್ ಅವರವರ ಇಷ್ಟ, ಹಾಕದಿದ್ದರೆ ಡ್ಯೂಟಿ ಬದಲಿಸುವಂತಿಲ್ಲ. ಡ್ರಾಯರ್ ಖಾಲಿ ಮಾಡಿ ಸ್ಟೇಷನರಿ ಇಟ್ಟೆವು. ಫೋನ್ ಬುಕಿಂಗ್‌ಗೆ ಹೋಗಿದ್ದ ನನ್ನ ಗೆಳತಿ ಅಷ್ಟರಲ್ಲಿ ಬೇರೆ ಕಡೆ ಸೇರಿಬಿಟ್ಟಿದ್ದಳು. ಅವಳಿಗೆ ಆ ಪಟ್ಟಿಯ ಫೋಟೊ ಕಳಿಸಿದೆ. ತನ್ನ ಹೊಸ ಮ್ಯಾನೇಜರಿಗೆ ತೋರಿಸುತ್ತೇನೆ ಅಂತ ಬರೆದಳು.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರು ನನ್ನ ಹತ್ತಿರ ಕೇಳುತ್ತಾರೆ, ಇಂಟರ್‌ವ್ಯೂನಲ್ಲಿ ಹೇಗೆ ಕೇಳೋದು ಅಂತ. ನೇರವಾಗಿ ಕೇಳಿ: 'ಗ್ರೂಮಿಂಗ್ ನಿಯಮ ಬರವಣಿಗೆಯಲ್ಲಿ ಇದೆಯಾ, ಒಂದು ಕಾಪಿ ಕೊಡ್ತೀರಾ?' ಇದರಲ್ಲಿ ಜಗಳ ಏನೂ ಇಲ್ಲ. ಮೇಕಪ್ ಕಡ್ಡಾಯ ಅಂತ ಇದ್ದರೆ ಸಾಮಾನು ಯಾರು ಕೊಡುತ್ತಾರೆ, ತಯಾರಾಗುವ ಹೊತ್ತು ಡ್ಯೂಟಿಯಲ್ಲಿ ಸೇರುತ್ತದಾ ಅಂತಲೂ ಕೇಳಿ. ಚರ್ಮದ ತೊಂದರೆ ಇದ್ದರೆ ಡಾಕ್ಟರ ಚೀಟಿಯನ್ನು ಕೈಯಲ್ಲಿ ಕೊಟ್ಟು ಸುಮ್ನಾಗಬೇಡಿ, ಮೇಲ್ ಮಾಡಿ, ಕಾಪಿ ಇಟ್ಟುಕೊಳ್ಳಿ. 'ಡಲ್ ಆಗಿದ್ದೀಯ' ಅಂದರೆ 'ಹುಷಾರಾಗಿದ್ದೀನಿ, ಪಟ್ಟಿಯಲ್ಲಿ ಏನಾದರೂ ತಪ್ಪಿದೆಯಾ ಹೇಳಿ' ಅನ್ನಿ. ಇನ್ನು ಬ್ರೀಫಿಂಗ್ ತೆಗೆದುಕೊಳ್ಳುವವರಿಗೆ ನನ್ನ ಕೋರಿಕೆ ಒಂದೇ, ಪಟ್ಟಿಯಲ್ಲಿ ಇಲ್ಲದ್ದನ್ನು ಮುಖ ನೋಡಿ ಕೇಳಬೇಡಿ.

ಎಲ್ಲ ಬಗೆಹರಿದಿಲ್ಲ. ಜಾಹೀರಾತಿನ ಫೋಟೊ, ದೊಡ್ಡ ಸಮಾರಂಭ ಇದ್ದಾಗ ಈಗಲೂ ಪೂರ್ತಿ ಮೇಕಪ್ ಬೇಕು ಅನ್ನುತ್ತಾರೆ. ಆ ದಿನಗಳಲ್ಲಿ ಮೊದಲು ಪಂಚ್ ಮಾಡಿ ಆಮೇಲೆ ತಯಾರಾಗಬಹುದು ಅನ್ನೋದಕ್ಕೆ ಒಪ್ಪಿಗೆ ಸಿಕ್ಕಿದೆ. ಸಾಮಾನಿನ ಖರ್ಚನ್ನು ಹೋಟೆಲ್ ಕೊಡಬೇಕು ಅನ್ನೋ ಪತ್ರ ಅಕೌಂಟ್ಸ್‌ನಲ್ಲಿ ಕೂತಿದೆ. ಅದರ ಜೊತೆ ನೋಟ್‌ಬುಕ್ಕಿನ ಖರ್ಚಿನ ಪುಟಗಳ ಜೆರಾಕ್ಸ್ ಲಗತ್ತಿಸಿದ್ದೇನೆ, ಪ್ರತಿ ಸೋಮವಾರ ಹೋಗಿ ಕೇಳುತ್ತಿದ್ದೇನೆ.