ಒಂದೇ ಫೈಲಲ್ಲಿ ಹತ್ತಾರು ಪದ ಬದಲಾಯಿಸೋದು ಹೇಗೆ?

ಪೈಥಾನ್ ಕಲೀತಿರೋರು ಪದೇ ಪದೇ ನನ್ನನ್ನ ಕೇಳೋದು ಇದನ್ನೇ: ಹತ್ತಿಪ್ಪತ್ತು ಪದ ಬದಲಾಯಿಸ್ಬೇಕು, ಒಂದರ ಹಿಂದೆ ಒಂದು ರಿಪ್ಲೇಸ್ ಬರ್ಕೊಂಡು ಹೋದ್ರೆ ಸಾಕಲ್ವಾ? ಸಾಲಲ್ಲ.

ಊರ ಹೆಸರನ್ನೇ ತಗೊಳ್ಳಿ. 2014ರ ನವೆಂಬರ್ 1ಕ್ಕೆ 12 ಊರುಗಳ ಹೆಸರು ಬದಲಾಯ್ತಲ್ಲ, ಹಳೇ ಫೈಲಲ್ಲಿರೋ ಬಿಜಾಪುರಾನೆಲ್ಲ ವಿಜಯಪುರ ಮಾಡ್ಬೇಕು. ಆದ್ರೆ ದೇವನಹಳ್ಳಿ ತಾಲೂಕಲ್ಲಿ ಮೊದ್ಲಿಂದ್ಲೂ ಒಂದು ವಿಜಯಪುರ ಇದೆ, ಗೊಂದಲ ಬೇಡ ಅಂತ ಅದನ್ನ 'ದೇವನಹಳ್ಳಿ ವಿಜಯಪುರ' ಮಾಡೋಕೆ ಇನ್ನೊಂದು ರಿಪ್ಲೇಸ್ ಹಾಕಿದ್ರಿ ಅನ್ಕೊಳ್ಳಿ, ಆಗ ಮೊದಲ್ನೇ ಸಾಲು ಈಗಷ್ಟೇ ಮಾಡಿಟ್ಟ ವಿಜಯಪುರಾನೂ ಇದು ಹಿಡ್ಕೊಳುತ್ತೆ, ಗೋಳಗುಮ್ಮಟ ದೇವನಹಳ್ಳಿಗೆ ಬಂದ್ಬಿಡುತ್ತೆ.

ಅದಕ್ಕೆ ಹಳೇ ಹೆಸರು, ಹೊಸ ಹೆಸರಿನ ಎಲ್ಲಾ ಜೋಡಿಗಳನ್ನ ಒಂದು ಡಿಕ್ಷನರಿಗೆ (ಪೈಥಾನ್‌ನ ಜೋಡಿ ಪಟ್ಟಿ) ಹಾಕಿ, ಪದ ಹುಡುಕೋ ರೀ (re) ಮಾಡ್ಯೂಲ್ ತಗೊಂಡು, ಹಳೇ ಹೆಸರುಗಳನ್ನೆಲ್ಲ ರೀ ಡಾಟ್ ಎಸ್ಕೇಪ್ ಮಾಡಿ (ಚುಕ್ಕಿಯಂಥ ಚಿಹ್ನೆಗೆ ವಿಶೇಷ ಅರ್ಥ ಬರದ ಹಾಗೆ) ಮಧ್ಯೆ ಪೈಪ್ (| ಗೆರೆ, ಅಂದ್ರೆ 'ಅಥವಾ') ಇಟ್ಟು ಒಂದೇ ಪ್ಯಾಟರ್ನ್ ಮಾಡಿ, ಬದಲಾಯಿಸೋ ಕೆಲ್ಸ ಮಾಡೋ ರೀ ಡಾಟ್ ಸಬ್‌ಗೆ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಕೊಡಿ, ಸಿಕ್ಕಿದ ಪದಕ್ಕೆ ಡಿಕ್ಷನರೀಲಿ ಏನಿದ್ಯೋ ಅದನ್ನ ಅದು ವಾಪಸ್ ಕೊಡ್ಲಿ. ಎಡದಿಂದ ಬಲಕ್ಕೆ ಒಂದೇ ಸಲ ಓದುತ್ತೆ, ಒಮ್ಮೆ ಬದಲಾಯಿಸಿದ್ದನ್ನ ಮತ್ತೆ ಮುಟ್ಟಲ್ಲ. (ಬರೀ ೧೨೩ ನ 123 ಮಾಡೋ ಥರ ಒಂದೊಂದೇ ಅಕ್ಷರ ಆದ್ರೆ ಅಕ್ಷರಕ್ಕೆ ಅಕ್ಷರ ಬದಲಾಯಿಸೋ ಟ್ರಾನ್ಸ್‌ಲೇಟ್ ಸಾಕು.)

ಆದ್ರೆ ದಯವಿಟ್ಟು ಉದ್ದದ ಪದ ಮೊದ್ಲು ಬರೋ ಹಾಗೆ ಸಾರ್ಟ್ ಮಾಡಿ. ಪೈಪ್ ಇದ್ದಾಗ ಪೈಥಾನ್ ಉದ್ದದ್ದನ್ನ ಹುಡುಕಲ್ಲ, ಪಟ್ಟೀಲಿ ಮೊದ್ಲು ಹೊಂದಿದ್ದನ್ನ ತಗೊಳುತ್ತೆ, ಅಂದ್ರೆ 'ಗುಲ್ಬರ್ಗ' ಮೊದ್ಲಿದ್ರೆ 'ಗುಲ್ಬರ್ಗಾ' ಬಂದಾಗ ಕಲಬುರಗಿ ಆಗಿ ಹಿಂದೆ ಗಾ-ದ ಇಳಿ ಮಾತ್ರ ಜೋತಾಡ್ತಾ ಉಳ್ಕೊಳುತ್ತೆ. ಪದದ ಅಂಚು ಹಿಡಿಯೋ ಬ್ಯಾಕ್‌ಸ್ಲ್ಯಾಶ್ ಬಿ ಇಲ್ಲಿ ಕಾಪಾಡಲ್ಲ, ಯಾಕಂದ್ರೆ ರೀ ಮಾಡ್ಯೂಲ್ ನಮ್ಮ ಇಳಿ, ಗುಡಿಸು, ಕೊಂಬನ್ನ ಅಕ್ಷರ ಅಂತಾನೇ ಲೆಕ್ಕಕ್ಕೆ ತಗೊಳ್ಳಲ್ಲ, ಗ ಆದ್ಮೇಲೆ ಪದ ಮುಗೀತು ಅನ್ಕೊಳುತ್ತೆ. ಕನ್ನಡದಲ್ಲಿ ಕೆಲ್ಸ ಮಾಡೋರಿಗೆ ಇದನ್ನ ಯಾರೂ ಮೊದ್ಲೇ ಹೇಳಲ್ಲ ಅನ್ನೋದೇ ನನ್ ಬೇಜಾರು.

ಆಮೇಲೆ ವಿಭಕ್ತಿ. 'ಗುಲ್ಬರ್ಗಾದಲ್ಲಿ' ಇದ್ದದ್ದು 'ಕಲಬುರಗಿದಲ್ಲಿ' ಆದ್ರೆ ಓದೋಕಾಗುತ್ತಾ? 'ಗುಲ್ಬರ್ಗಾದ' ಬಂದ್ರೆ 'ಕಲಬುರಗಿಯ' ಅಂತ ಒಂದು ಜೋಡಿ ಸೇರಿಸಿ, 'ಅಲ್ಲಿ', 'ಇಂದ' ಪ್ರತ್ಯಯ ಎರಡೂ ತಾವಾಗೇ ಸರಿಹೋಗುತ್ವೆ, 'ಗುಲ್ಬರ್ಗಾಕ್ಕೆ' ಮಾತ್ರ ಬೇರೆ ಹಾಕ್ಬೇಕು. ಇನ್ನು ಗುಲ್ಬರ್ಗಾ ವಿಶ್ವವಿದ್ಯಾಲಯದ ಹೆಸರು ಹಾಗೇ ಇದೆಯಲ್ಲ, ಅದಕ್ಕೆ ಆ ಪೂರ್ತಿ ಹೆಸರನ್ನ ಅದಕ್ಕೇ ಜೋಡಿ ಮಾಡಿ ಡಿಕ್ಷನರೀಲಿ ಇಡಿ, ಉದ್ದ ಇರೋದ್ರಿಂದ ಅದೇ ಮೊದ್ಲು ಸಿಗುತ್ತೆ, ಇದ್ದ ಹಾಗೇ ಉಳಿಯುತ್ತೆ.