ಉಳಿದಿದ್ದ ಒಂದು ಕಾಲಾಳು

"ಬೋರ್ಡ್ ಮೇಲೆ ಗೆದ್ದಿದ್ದು ನೀನೇ ಕೂಸೇ. ಟೈಮಲ್ಲಿ ನಾ ಗೆದ್ದೆ."

ಭಾನುವಾರದಿಂದ ಈ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಹೇಳಿದವರು ಸಾಗರದ ಕಡೆಯ ಒಬ್ಬ ಹಿರಿಯರು. ಕೇಳಿಸಿಕೊಂಡವಳು ನಮ್ಮ ಪುಟ್ಟಿ, ಅಕ್ಕನ ಮಗಳು. ಶಿವಮೊಗ್ಗದಲ್ಲಿ ರ‍್ಯಾಪಿಡ್ ಚೆಸ್ ಟೂರ್ನಮೆಂಟ್ ಇತ್ತು, ಅಂದರೆ ಕಡಿಮೆ ಟೈಮಿನ ಆಟ. ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸಿಗೆ, ಸುರಿಯುವ ಮಳೆಯಲ್ಲೇ ಬಂದಿದ್ದೆವು.

ತಲಾ 25 ನಿಮಿಷದ ಆಟ, ಇನ್‌ಕ್ರಿಮೆಂಟ್ (ಪ್ರತಿ ನಡೆಗೆ ಸೇರುವ ಹೆಚ್ಚುವರಿ ಸೆಕೆಂಡ್) ಇಲ್ಲ. ಕೊನೆಗೆ ಪುಟ್ಟಿ ಹತ್ತಿರ ಒಂದು ಆನೆ, ಎರಡು ಕಾಲಾಳು ಉಳಿದಿದ್ದವು. ಅವರ ಹತ್ತಿರ ರಾಜ, ಜೊತೆಗೆ ಬೋರ್ಡಿನ ಅಂಚಿನಲ್ಲಿ ಒಂದೇ ಒಂದು ಕಾಲಾಳು. ಯಾರು ನೋಡಿದರೂ ಅವಳು ಗೆಲ್ಲುವ ಆಟವೇ. ಆದರೆ ಅವಳಿಗೆ ಅರ್ಧ ನಿಮಿಷವೂ ಉಳಿದಿರಲಿಲ್ಲ. ಅವರಿಗೆ ಏಳೆಂಟು ನಿಮಿಷ ಇತ್ತು. ಇವಳು ಚೆಕ್ ಕೊಡುತ್ತಾ ಹೋದಳು, ಅವರು ರಾಜನನ್ನು ಸರಿಸುತ್ತಾ ಹೋದರು. ಕಾಯಿ ನಡೆಸಿದ ಕೈಯಲ್ಲೇ ಗಡಿಯಾರ ಒತ್ತಬೇಕು ಅನ್ನುವುದು ನಿಯಮ. ಆ ಪುಟ್ಟ ಕೈ ಬೋರ್ಡಿನಿಂದ ಗಡಿಯಾರಕ್ಕೆ, ಗಡಿಯಾರದಿಂದ ಬೋರ್ಡಿಗೆ ಓಡುವುದನ್ನು ನೋಡುತ್ತಾ ನಿಲ್ಲುವುದೇ ಕಷ್ಟವಾಯಿತು. ಅವಳ ಗಡಿಯಾರದಲ್ಲಿ ಸೊನ್ನೆ ಬಂತು. ಆರ್ಬಿಟರ್ (ತೀರ್ಪುಗಾರರು) ಬಂದು ಬೋರ್ಡ್ ನೋಡಿ, ಅವರ ಹೆಸರಿನ ಮುಂದೆ ಒಂದು ಪಾಯಿಂಟ್ ಬರೆದುಕೊಂಡರು.

ಹಗ್ಗದ ಈಚೆ ನಿಂತಿದ್ದ ಪೋಷಕರು ಗೊಣಗಿದರು. "ಅಷ್ಟು ವಯಸ್ಸಾದವರು, ಮಗುಗೆ ಒಂದು ಡ್ರಾ ಕೊಟ್ಟಿದ್ರೆ ಏನಾಗ್ತಿತ್ತು?" ನನಗೆ ಆ ಮಾತು ಸ್ವಲ್ಪವೂ ಹಿಡಿಸಲಿಲ್ಲ. ಚೆಸ್‌ನಲ್ಲಿ ಕಾಯಿಗಳ ಹಾಗೆ ಟೈಮ್ ಕೂಡ ಇಬ್ಬರಿಗೂ ಸಮನಾಗಿ ಸಿಗುತ್ತದೆ. ಅವರು ಉಳಿಸಿಕೊಂಡಿದ್ದರು, ಇವಳು ಖರ್ಚು ಮಾಡಿದ್ದಳು. ಮಗು ಅಂತ ಕರುಣೆ ತೋರಿಸಿದ್ದರೆ ಅವಳನ್ನು ಆಟಗಾರ್ತಿ ಅಂತ ಲೆಕ್ಕಕ್ಕೇ ಹಿಡಿಯದ ಹಾಗಾಗುತ್ತಿತ್ತು. ಅವರು ಪೂರ್ತಿ ಮರ್ಯಾದೆ ಕೊಟ್ಟೇ ಆಡಿದರು ಅಂತ ನಾನು ನಂಬಿದ್ದೇನೆ.

ಆಮೇಲೆ ಅವರು ಮಾಡಿದ್ದು ನೋಡಿದರೆ ಗೊಣಗಿದವರಿಗೂ ಅದು ಅರ್ಥವಾಗಬೇಕಿತ್ತು. ಎಲ್ಲರೂ ಕಾಫಿಗೆ ಹೋದರೂ ಅವರು ಏಳಲಿಲ್ಲ. ಅಂಚಿನ ಕಾಲಾಳಿನ ಮೇಲೆ ಬೆರಳಿಟ್ಟು ಹೇಳಿದರು: "ಚೆಕ್ ಬಿಟ್ಟು ಇದನ್ನ ತಿಂದಿದ್ರೆ ಅರ್ಧ ಪಾಯಿಂಟ್ ನಿಂದೇ. ಆಮೇಲೆ ಟೈಮ್ ಮುಗಿದ್ರೂ ಡ್ರಾ." ನಿಯಮ ಇರುವುದೇ ಹಾಗೆ. ಎದುರಾಳಿ ಹತ್ತಿರ ಬರೀ ರಾಜ ಉಳಿದಿದ್ದರೆ ನಮ್ಮ ಟೈಮ್ ಮುಗಿದರೂ ಸೋಲಿಲ್ಲ. ಕಾಲಾಳು ಇದ್ದರೆ ಅದು ಮುಂದೆ ರಾಣಿ ಆಗಬಹುದು, ಚೆಕ್‌ಮೇಟ್ ಆಗಬಹುದು. ಹಾಗಾಗಿ ಸೋಲು. ಇಪ್ಪತ್ತು ಸೆಕೆಂಡ್ ಉಳಿದಾಗ ಗೆಲುವಿನ ಆಸೆ ಬಿಟ್ಟು ಆ ಕಾಲಾಳಿಗೆ ಕೈ ಹಾಕಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಅವಳ ಸ್ಕೋರ್‌ಶೀಟ್ ಕೇಳಿದರು. ರ‍್ಯಾಪಿಡ್‌ನಲ್ಲಿ ನಡೆ ಬರೆಯಲೇಬೇಕು ಅಂತೇನಿಲ್ಲ. ಆದರೂ ಅವಳ ಸರ್ ಮೊದಲ ಹದಿನೈದು ನಡೆ ಬರೆಸುತ್ತಾರೆ, ಪಕ್ಕದಲ್ಲಿ ಉಳಿದ ಟೈಮ್ ಕೂಡ. ಎಂಟನೇ ನಡೆಯ ಹತ್ತಿರ ಅಜ್ಜನ ಬೆರಳು ನಿಂತಿತು. ಅಲ್ಲಿ ಅವರ ಒಂಟೆ ಇವಳ ಕುದುರೆಯನ್ನು ತಿಂದಿತ್ತು. ತಿರುಗಿ ತಿನ್ನಲು ಇದ್ದಿದ್ದು ಒಂದೇ ದಾರಿ.

"ಇಲ್ಲಿ ಬೇರೆ ಏನಾದ್ರೂ ಆಡೋಕಿತ್ತಾ?"

"ಇಲ್ಲ ಅಜ್ಜ."

"ಮತ್ತೆ ನಾಲ್ಕು ನಿಮಿಷ ಯಾಕಾಯ್ತು?"

ಪುಟ್ಟಿ ತುಂಬಾ ಹೊತ್ತು ಸುಮ್ಮನಿದ್ದಳು. "ಹೆದರಿಕೆ ಆಯ್ತು" ಅಂದಳು.

ಬಸ್ಸು ಮಂಡಗದ್ದೆ ದಾಟುವ ತನಕ ನಾನು ಆ ಎರಡು ಪದಗಳನ್ನೇ ಯೋಚಿಸುತ್ತಿದ್ದೆ. ನಾವೆಲ್ಲ ಕೊನೆಯ ಅರ್ಧ ನಿಮಿಷ ನೋಡಿ ಮರುಗಿದೆವು. ಆ ಅರ್ಧ ನಿಮಿಷ ಹುಟ್ಟಿದ್ದು ಎಂಟನೇ ನಡೆಯಲ್ಲಿ. ಅಲ್ಲಿ ಯೋಚಿಸಲು ಏನೂ ಇರಲಿಲ್ಲ, ಟೈಮನ್ನೆಲ್ಲ ಹೆದರಿಕೆ ತಿಂದಿತ್ತು. ಪರೀಕ್ಷೆಯಲ್ಲೂ ಅವಳ ಕಥೆ ಇದೇ. ಮೊದಲ ಉತ್ತರ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಯ ಪ್ರಶ್ನೆಗಳಿಗೆ ಟೈಮ್ ಸಾಲುವುದಿಲ್ಲ. ಮನೆಯಲ್ಲಿ, ಶಾಲೆಯಲ್ಲಿ ಎಲ್ಲರೂ 'ಬೇಗ ಬೇಗ' ಅನ್ನುತ್ತಾರೆ. ಬೇಗ ಅಂದಷ್ಟೂ ಅವಳ ಕೈ ಇನ್ನೂ ಕಟ್ಟಿ ಹಾಕಿದ ಹಾಗಾಗುತ್ತದೆ. ಎಲ್ಲಿ ನಿಂತು ಯೋಚಿಸಬೇಕು, ಎಲ್ಲಿ ಯೋಚಿಸುವ ಅಗತ್ಯವೇ ಇಲ್ಲ ಅಂತ ಕೂತು ತೋರಿಸಿದವರು ಆ ಅಜ್ಜ ಒಬ್ಬರೇ. ಇನ್ನು ಮುಂದೆ ಇವಳನ್ನು 'ನಿಧಾನದ ಹುಡುಗಿ' ಅನ್ನಬೇಡ ಅಂತ ಅಕ್ಕನಿಗೆ ಖಂಡಿತವಾಗಿ ಹೇಳಿದ್ದೇನೆ.

ದೊಡ್ಡವರೂ ಇದರಿಂದ ಪಾರಾಗಿಲ್ಲ. 2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ ಡ್ರಾ ಆಗುವ ಹಾಗೇ ಕಾಣುತ್ತಿತ್ತು. ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ಹತ್ತಿರ ನಮ್ಮ ದೇಶದ ಗುಕೇಶ್‌ಗಿಂತ ತುಂಬಾ ಕಡಿಮೆ ಟೈಮ್ ಇತ್ತು. 55ನೇ ನಡೆಯಲ್ಲಿ ಆನೆಯನ್ನು ತಪ್ಪು ಮನೆಗೆ ತಂದರು, ಪಟ್ಟ ಗುಕೇಶ್‌ಗೆ ಹೋಯಿತು. ಪುಟ್ಟಿಗೆ ಆ ನಡೆ ಬಾಯಿಪಾಠ.

ಆದರೆ ಆ ಆಟದಲ್ಲಿ 41ನೇ ನಡೆಯಿಂದ ಪ್ರತಿ ನಡೆಗೆ 30 ಸೆಕೆಂಡ್ ಸೇರುತ್ತಿತ್ತು. ಇನ್‌ಕ್ರಿಮೆಂಟ್ ಇರುವ ಗಡಿಯಾರಕ್ಕೆ ಅಮೆರಿಕದ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1988ರಲ್ಲಿ. ಇಷ್ಟು ವರ್ಷ ಆದಮೇಲೂ ನಮ್ಮ ಕಡೆ ಮಕ್ಕಳ ಆಟಗಳಿಗೆ ಅದನ್ನು ಯಾಕೆ ಹಾಕಬಾರದು? ಆಯೋಜಕರ ಕಷ್ಟ ನನಗೂ ಗೊತ್ತು. ಸಂಜೆ ಹಾಲ್ ಬಿಟ್ಟುಕೊಡಬೇಕು, ಹೊಸನಗರ, ತೀರ್ಥಹಳ್ಳಿಯವರು ಬಸ್ ಹಿಡಿಯಬೇಕು. ಆದರೆ ಲೆಕ್ಕ ಸುಲಭ ಇದೆ. 25 ನಿಮಿಷದ ಬದಲು 20 ನಿಮಿಷ ಕೊಟ್ಟು, ನಡೆಗೆ 5 ಸೆಕೆಂಡ್ ಸೇರಿಸಿದರೆ 60 ನಡೆಯ ಆಟದಲ್ಲಿ ಒಬ್ಬೊಬ್ಬರಿಗೂ ಅದೇ 25 ನಿಮಿಷ ಆಗುತ್ತದೆ. ರೌಂಡ್ ತಡ ಆಗುವುದು ಅಪರೂಪ. ಗೆಲ್ಲುವ ಆಟವನ್ನು ಆಡಿ ಮುಗಿಸಲು ಮಗುವಿಗೆ ಒಂದು ದಾರಿ ಉಳಿದಿರುತ್ತದೆ. ಆ ಅಜ್ಜನಿಗೂ ಇದೇ ಸರಿ ಅನ್ನಿಸಿತು. ಮುಂದಿನ ಟೂರ್ನಮೆಂಟ್‌ಗೆ ಹೆಸರು ಕೊಡುವಾಗ ಇಬ್ಬರೂ ಸೇರಿ ಆಯೋಜಕರ ಹತ್ತಿರ ಕೇಳುತ್ತೇವೆ.