ಹೊಸ ತಳಿ ಬಂತು ಅಂತ ಟಿವಿ ಕೂಗಿದಾಗ

2025ರ ಜನವರಿ 6 ನೆನಪಿದೆಯಾ? ಬೆಂಗಳೂರಿನಲ್ಲಿ ಎರಡು ಹಸುಗೂಸುಗಳಿಗೆ ಎಚ್‌ಎಂಪಿವಿ ಎಂಬ ಉಸಿರಾಟದ ವೈರಸ್ ತಗುಲಿದೆ ಅಂತ ಸುದ್ದಿ ಬಂದ ದಿನ. ಮಧ್ಯಾಹ್ನದ ಹೊತ್ತಿಗೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ 'ಮತ್ತೆ ಲಾಕ್‌ಡೌನ್ ಅಂತೆ' ಎಂಬ ಫಾರ್ವರ್ಡ್ ಬಂದಾಗಿತ್ತು. ಚೀನಾದ ಹೊಸ ವೈರಸ್ ರಾಜ್ಯಕ್ಕೆ ಕಾಲಿಟ್ಟಿತು ಎಂಬ ಧಾಟಿ. ಅಸಲಿಗೆ ಅದು ಹೊಸದೂ ಅಲ್ಲ, ಕೊರೊನಾದ ತಳಿಯೂ ಅಲ್ಲ. 2001ರಲ್ಲೇ ನೆದರ್ಲೆಂಡ್ಸ್‌ನಲ್ಲಿ ಪತ್ತೆಯಾದ ವೈರಸ್ ಅದು, ಐದು ವರ್ಷ ತುಂಬುವಷ್ಟರಲ್ಲಿ ಹೆಚ್ಚಿನ ಮಕ್ಕಳಿಗೆ ಒಮ್ಮೆಯಾದರೂ ತಗುಲಿರುತ್ತದೆ.

ಆ ಮಕ್ಕಳು ಎಲ್ಲಿಗೂ ಪ್ರಯಾಣ ಮಾಡಿರಲಿಲ್ಲ ಎಂಬುದನ್ನು ಟಿವಿಯಲ್ಲಿ ಗಾಬರಿಯ ದನಿಯಲ್ಲೇ ಹೇಳಿದರು. ನನಗೇನೋ ಅದೇ ಸಮಾಧಾನದ ವಿಷಯ ಅನಿಸಿತು. ಹೊರಗಿನಿಂದ ಬಂದದ್ದಲ್ಲ, ಮೊದಲಿಂದ ಇಲ್ಲೇ ಇತ್ತು, ಟೆಸ್ಟ್ ಮಾಡಿದ್ದಕ್ಕೆ ಸಿಕ್ಕಿತು ಅಷ್ಟೇ, ಅಲ್ವಾ?

ಹಾಗಂತ ಎಲ್ಲವೂ ಬೊಬ್ಬೆ ಅನ್ನುವವರ ಜೊತೆಗೂ ನಾನಿಲ್ಲ. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣ ಸಿಕ್ಕಿದ್ದೂ ಬೆಂಗಳೂರಿನಲ್ಲೇ. ಅದರಲ್ಲಿ ಒಬ್ಬರು ಎಲ್ಲಿಗೂ ಹೋಗಿರದ ಇಲ್ಲಿನ ವೈದ್ಯರು. ಅಲ್ಲಿ ಮಾತ್ರ ಅದು ನಿಜಕ್ಕೂ ಹೆದರುವ ವಿಷಯವೇ ಆಗಿತ್ತು, ಯಾಕೆಂದರೆ ತಳಿ ಹೊಸದು, ವೈರಸ್ ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವ ಮುಳ್ಳಿನಂಥ ಸ್ಪೈಕ್ ಪ್ರೋಟೀನಿನಲ್ಲೇ ಮೂವತ್ತಕ್ಕೂ ಜಾಸ್ತಿ ಬದಲಾವಣೆ, ಎಷ್ಟು ಜನರನ್ನು ಆಸ್ಪತ್ರೆಗೆ ಮಲಗಿಸುತ್ತದೆ ಅಂತ ಆ ವಾರ ಯಾರಿಗೂ ಗೊತ್ತಿರಲಿಲ್ಲ. ಆವತ್ತಿನ ಗಲಾಟೆಯನ್ನು ನಾನು ತಪ್ಪು ಅನ್ನಲಾರೆ.

ನನ್ನ ತಕರಾರು ಇರುವುದು ಆಮೇಲಿನ ವಾರಗಳ ಬಗ್ಗೆ. 2021ರ ಮೇ 5ರಂದು, ಡೆಲ್ಟಾ ಅಲೆಯಲ್ಲಿ, ಕರ್ನಾಟಕದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ. 2022ರ ಜನವರಿ 23ರಂದು, ಒಮಿಕ್ರಾನ್ ಅಲೆಯಲ್ಲಿ, 50,210. ಟಿವಿಯ ಕೆಂಪು ಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುವ ಸಂಖ್ಯೆ. ಮೊದಲ ದಿನ ವರದಿಯಾದ ಸಾವು 346, ಎರಡನೇ ದಿನ 19. ಮೊದಲನೆಯದಕ್ಕೆ ಎರಡು-ಮೂರು ದಿನ ಮುಂಚೆ ಚಾಮರಾಜನಗರದಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ಜನ ತೀರಿಕೊಂಡಿದ್ದರು. ಎರಡನೆಯದರಲ್ಲಿ ಹೆಚ್ಚಿನವರು ಮನೆಯಲ್ಲೇ ಪ್ಯಾರಸಿಟಮಾಲ್ ನುಂಗಿ ಎದ್ದು ಓಡಾಡಿದರು. ನಡುವೆ ಬದಲಾದದ್ದು ತಳಿ ಮಾತ್ರವಲ್ಲ, ನಮ್ಮ ಮೈಯೂ. ಲಸಿಕೆ ಬಿದ್ದಿತ್ತು, ಎಷ್ಟೋ ಜನರಿಗೆ ಒಂದು ಸಲ ಸೋಂಕೂ ಬಂದು ಹೋಗಿತ್ತು. ಆಸ್ಪತ್ರೆಯಲ್ಲಿ ಎಷ್ಟು ಬೆಡ್ ತುಂಬಿದೆ ಅಂತ ಆ ಪಟ್ಟಿಯ ಪಕ್ಕದಲ್ಲೇ ಹಾಕಿದ್ದರೆ ಸಾಕಿತ್ತು, ಅರ್ಧ ಭಯ ಇಳಿಯುತ್ತಿತ್ತು. ಆದರೆ 50 ಸಾವಿರ ಅನ್ನುವುದು ಕೂಗೋಕೆ ಚೆನ್ನಾಗಿರುತ್ತದೆ ನೋಡಿ.

ಆಮೇಲೆ ಬಂದ ಕೊರೊನಾ ಉಪತಳಿಗಳಿಗಂತೂ ಕ್ರಾಕನ್, ನಿಂಬಸ್ ಅಂತೆಲ್ಲ ಅಡ್ಡಹೆಸರು. ಇವು ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಹೆಸರುಗಳೂ ಅಲ್ಲ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಸುಮ್ನೆ.

2023ರ ಡಿಸೆಂಬರ್‌ನಲ್ಲಿ ಜೆಎನ್‌.1 ಎಂಬ ಒಮಿಕ್ರಾನ್ ಉಪತಳಿ ಬಂದಾಗ ಅರವತ್ತು ದಾಟಿದವರು, ಬೇರೆ ಕಾಯಿಲೆ ಇರುವವರು ಮಾಸ್ಕ್ ಹಾಕಿ ಎಂದು ನಮ್ಮ ಸರ್ಕಾರ ಹೇಳಿತ್ತು. ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ, ಬೇಕಾಗಿದ್ದದ್ದು ಅದೊಂದೇ ಮಾತು. ಗಂಟೆಗಟ್ಟಲೆ ಚರ್ಚೆ ನೋಡಿದ ಅವರಿಗೆ ಮೂರನೇ ಡೋಸ್ ತಗೊಂಡವರೂ ಮಾಸ್ಕ್ ಹಾಕಬೇಕಾ ಅನ್ನುವುದು ಮಾತ್ರ ಗೊತ್ತಾಗಿರಲಿಲ್ಲ. ಕೊನೆಗೆ ಫೋನ್ ಮಾಡಿ ಕೇಳಿದ್ದು ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರನ್ನು. 'ಹೌದಮ್ಮ, ಮದುವೆ ಮನೆಗೆ ಹೋದಾಗ ಹಾಕ್ಕೊಳ್ಳಿ' ಅಂದರು.